ಪರದೆ ಬೇಡದ ಲ್ಯಾಪ್‌ಟಾಪ್

"ಮೇಡಂಗೆ ಎಷ್ಟು ಇಂಚಿನ ಸ್ಕ್ರೀನ್ ಬೇಕು ಸರ್?" ಎಂದು ಸೇಲ್ಸ್‌ಮನ್ ಅಣ್ಣನನ್ನು ಕೇಳಿದ.

ಮೇಡಂ ಅಲ್ಲೇ, ಕೌಂಟರಿಗೆ ಮೊಣಕೈ ಊರಿಕೊಂಡು ನಿಂತಿದ್ದಳು. ಕಣ್ಣು ಕಾಣದವರಿಗೆ ಕಿವಿಯೂ ಕೇಳಿಸುವುದಿಲ್ಲ, ಬಾಯಂತೂ ಇಲ್ಲವೇ ಇಲ್ಲ ಎಂದು ಲೋಕದ ಅರ್ಧ ಜನ ನಂಬಿಕೊಂಡಿದ್ದಾರೆ. ಉಳಿದರ್ಧ ಜನ ಅವರ ಮುಖದ ಹತ್ತಿರ ಬಂದು ಕಿರುಚಿ ಮಾತಾಡುತ್ತಾರೆ. ಈ ಸೇಲ್ಸ್‌ಮನ್ ಮೊದಲ ಗುಂಪಿನವನು.

"ಹದಿನಾರು ಇಂಚಿಂದು ತೋರ್ಸಿ," ಎಂದ ಅಣ್ಣ, ತನಗೇ ಕೊಳ್ಳುವವನ ಹಾಗೆ. "ದೊಡ್ಡದೇ ಇರ್ಲಿ. ಅಕ್ಷರ ಎದ್ದು ಕಾಣ್ಬೇಕು."

"ಯಾರಿಗೆ ಕಾಣ್ಬೇಕು?" ಎಂದಳು ಅವಳು.

"ನಂಗೆ, ಪುಟ್ಟಿ. ಇನ್ಯಾರಿಗೆ?" ಇದೂ ಒಂದು ಕೇಳುವ ಪ್ರಶ್ನೆಯೇ ಎಂಬಂತಿತ್ತು ಅವನ ದನಿ.

ನಲವತ್ತು ದಾಟಿ, ತಲೆಯಲ್ಲಿ ನರೆ ಇಣುಕುತ್ತಿದೆ ಎಂದು ಅತ್ತಿಗೆಯಿಂದ ಆಗಾಗ ಕೇಳಿಸಿಕೊಳ್ಳುವ ಹೆಂಗಸನ್ನು ಪುಟ್ಟಿ ಎಂದು ಕರೆಯುವ ಧೈರ್ಯ ಒಬ್ಬ ಅಣ್ಣನಿಗಲ್ಲದೆ ಇನ್ಯಾರಿಗೆ ಬಂದೀತು? ಅವಳು ಇಷ್ಟು ವರ್ಷ ಒಂದು ಆಸ್ಪತ್ರೆಯಲ್ಲಿದ್ದಳು. ಡಾಕ್ಟರುಗಳು ರೆಕಾರ್ಡ್ ಮಾಡಿ ಕೊಟ್ಟ ವರದಿಗಳನ್ನು ಕೇಳಿಸಿಕೊಂಡು ಟೈಪ್ ಮಾಡುವುದು ಅವಳ ಕೆಲಸ. ಬಾಯಲ್ಲಿ ಬಿಸ್ಕತ್ತು ತುಂಬಿಕೊಂಡು ಗೊಣಗುವ ಡಾಕ್ಟರ ಮಾತನ್ನೂ ತಪ್ಪಿಲ್ಲದೆ ಇಳಿಸುವುದರಲ್ಲಿ ಅವಳದು ಎತ್ತಿದ ಕೈ. ಈಗ ಅದನ್ನು ಬಿಟ್ಟು ಹೊಸ ಕೆಲಸಕ್ಕೆ ಸೇರಿದ್ದಳು. ಊರೂರು ಸುತ್ತಿ ಅಂಧ ಮಕ್ಕಳ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಬೇಕು; ಒಂದು ಊರಿನಲ್ಲಿ ಕೆಲವು ವಾರ, ಆಮೇಲೆ ಗಂಟುಮೂಟೆ ಕಟ್ಟಿ ಮುಂದಿನ ಊರು. ಪರದೆಯ ಹಂಗಿಲ್ಲದೆ, ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳದೆ, ಬರೀ ಕಿವಿಯನ್ನು ನಂಬಿ ಕಂಪ್ಯೂಟರ್ ನಡೆಸಬಹುದು ಎಂದು ಮಕ್ಕಳಿಗೆ ತೋರಿಸಿಕೊಡುವುದೇ ಪಾಠ. ಲ್ಯಾಪ್‌ಟಾಪ್ ಮಾತ್ರ ಅವಳೇ ತರಬೇಕು.

ಸುದ್ದಿ ತಿಳಿದ ದಿನವೇ ಅಣ್ಣ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಕೊಡವಿದ. ನಾನೂ ಬರಲೇ ಎಂದು ಕೇಳಲಿಲ್ಲ. "ನಾವು ಯಾವತ್ತು ಹೊರಡೋದು?" ಎಂದು ಕೇಳಿದ.

ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಗಿದ್ದರೆ ಅವಳು ಯಾವತ್ತೋ ಮಾಡಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಅವಳ ಪಾಠದ ಪುಸ್ತಕಗಳನ್ನೆಲ್ಲ ಓದಿ ಹೇಳಿದವನು ಅವನೇ. ಚರಿತ್ರೆಯ ರಾಜರು ಅವಳ ತಲೆಯಲ್ಲಿ ಇವತ್ತಿಗೂ ಅಣ್ಣನ ದನಿಯಲ್ಲೇ, ಕೆಲವರಂತೂ ನೆಗಡಿಯಿಂದ ಮೂಗು ಕಟ್ಟಿಕೊಂಡೇ ಯುದ್ಧಕ್ಕೆ ಹೋಗುತ್ತಾರೆ. ಆಟ ಬಿಟ್ಟು, ಗೆಳೆಯರನ್ನು ಬಿಟ್ಟು ಅವನು ಓದಿದ. ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಆದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಮನೆಗೆ ಬಂದಾಗ ಅವನ ಮುಖ ಸಪ್ಪಗಾಯಿತೆಂದು ಅತ್ತಿಗೆ ಹೇಳಿದ್ದಳು. "ಇದೂ ಒಂದು ಓದಾ? ಜೀವ ಇಲ್ಲ, ರಸ ಇಲ್ಲ," ಎಂದು ಗೊಣಗಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತು, ಯಂತ್ರ ಓದಿದ್ದನ್ನೇ ತಾನೂ ಓದತೊಡಗಿದ. ಒಂದು ಕಿವಿಯಲ್ಲಿ ಯಂತ್ರ, ಇನ್ನೊಂದು ಕಿವಿಯಲ್ಲಿ ಅರ್ಧ ವಾಕ್ಯ ಹಿಂದೆ ಬಿದ್ದ ಅಣ್ಣ. ಅವನು ಬ್ಯಾಂಕಿನ ಕೆಲಸದಿಂದ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡ ಮೇಲೆ ಈ ಸೇವೆ ದಿನವಿಡೀ ನಡೆಯತೊಡಗಿತು. ಅವಳು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿದ್ದಳು.

ಇವತ್ತು ಸುಮ್ಮನಿರುವ ಹಾಗಿರಲಿಲ್ಲ. ಹದಿನಾರು ಇಂಚಿನದು ಚೀಲಕ್ಕೆ ಬಿತ್ತೆಂದರೆ, ಅದನ್ನು ಓದಲು ಅಣ್ಣನೂ ಊರೂರಿಗೆ ಹೊರಟ ಹಾಗೆಯೇ. ಇಬ್ಬರಿಗೂ ಇದು ಗೊತ್ತಿತ್ತು. ಬಾಯಿಬಿಟ್ಟು ಹೇಳಿದವರು ಮಾತ್ರ ಯಾರೂ ಇಲ್ಲ.

"ಕೂರೋಕೆ ಒಂದು ಸ್ಟೂಲ್ ಕೊಡಿ. ತೊಡೆ ಮೇಲಿಟ್ಕೊಂಡು ನೋಡ್ಬೇಕು," ಎಂದಳು.

"ಟೇಬಲ್ ಮೇಲೇ ನೋಡ್ಬಹುದಲ್ಲ ಸರ್," ಎಂದ ಸೇಲ್ಸ್‌ಮನ್.

"ಬಸ್ಸಲ್ಲಿ ಟೇಬಲ್ ನೀವು ತಂದು ಹಾಕ್ತೀರಾ?"

ಸ್ಟೂಲ್ ಬಂತು. ಹದಿನಾರು ಇಂಚಿನದು ತೊಡೆಯ ಮೇಲೆ ಕೂತ ಕೂಡಲೇ ಎರಡೂ ಕಡೆ ಹೊರಚಾಚಿತು. ಭಾರ ಹಾಗಿರಲಿ, ಬಲಗಡೆ ಅಂಕಿಗಳ ಗುಂಪೊಂದು ಇದ್ದದ್ದರಿಂದ ಅಕ್ಷರದ ಕೀಲಿಗಳೆಲ್ಲ ಎಡಕ್ಕೆ ಸರಿದು, ಅವಳು ಸೊಂಟ ತಿರುಚಿ ಕೂರಬೇಕಾಯಿತು. ಅದನ್ನು ವಾಪಸು ಕೊಟ್ಟಳು. ಇನ್ನೊಂದು ತೆಳ್ಳಗಿತ್ತು, ಹಗುರವಾಗಿತ್ತು. ಆದರೆ ಅಳಿಸುವ ಕೀಲಿಗೆ ಅಂಟಿಕೊಂಡೇ ಪವರ್ ಬಟನ್ ಇತ್ತು.

"ಬೇಡ. ಒಂದಕ್ಷರ ಅಳಿಸೋಕೆ ಹೋಗಿ ಇಡೀ ಯಂತ್ರಾನೇ ಮಲಗಿಸಿಬಿಡ್ತೀನಿ," ಎಂದು ಅದನ್ನೂ ದೂಡಿದಳು.

"ಪುಟ್ಟಿ, ಎಲ್ಲಾದಕ್ಕೂ ಕೊಂಕು ತೆಗೆದ್ರೆ ಹೇಗೆ? ದೊಡ್ಡದೇ ಚೆನ್ನಾಗಿದೆ. ನೀನು ನೋಡ್ತಿರು, ಅದಕ್ಕೊಂದು ಗಟ್ಟಿ ಚೀಲ ಸಿಗುತ್ತಾ ಕೇಳ್ಕೊಂಡು ಬರ್ತೀನಿ." ಅಣ್ಣನ ಚಪ್ಪಲಿಯ ಸದ್ದು ಅಂಗಡಿಯ ಒಳಗಿನ ಮೂಲೆಗೆ ಹೋಯಿತು.

ಮೂರನೆಯದನ್ನು ಸೇಲ್ಸ್‌ಮನ್ ಮನಸ್ಸಿಲ್ಲದ ಮನಸ್ಸಿನಿಂದ ತಂದಿಟ್ಟ. ಚಿಕ್ಕದು. ಅಂಚು ನುಣ್ಣಗೆ ಗುಂಡಗಿತ್ತು, ಮಣಿಕಟ್ಟಿಗೆ ಒತ್ತುತ್ತಿರಲಿಲ್ಲ. ತೋರುಬೆರಳು ಕೂರುವ ಎರಡು ಕೀಲಿಗಳ ಮೇಲಿನ ಸಣ್ಣ ಗೆರೆ ಕೈಗೆ ಚೆನ್ನಾಗಿ ಸಿಗುತ್ತಿತ್ತು. ಮೇಲಿನ ಸಾಲಿನ ಕೀಲಿಗಳು ನಾಲ್ಕು ನಾಲ್ಕರ ಗುಂಪಾಗಿದ್ದವು, ನಡುವೆ ಬೆರಳು ನಿಲ್ಲುವಷ್ಟು ಸಂದು. ಪವರ್ ಬಟನ್ ದೂರದ ಮೂಲೆಯಲ್ಲಿ ಒಂಟಿಯಾಗಿತ್ತು. ಇಯರ್‌ಫೋನ್ ಸಿಕ್ಕಿಸುವ ತೂತು ಎಡಕ್ಕೆ. ಫ್ಯಾನಿನ ಗುಂಯ್‌ಗುಡುವ ಸದ್ದೇ ಇಲ್ಲ. ಅವಳ ಬೆರಳುಗಳು ಒಂದೆರಡು ಸಲ ಅತ್ತಿತ್ತ ಓಡಾಡಿ, ತಮ್ಮ ಮನೆಗೇ ಬಂದವರ ಹಾಗೆ ಕೂತುಬಿಟ್ಟವು.

"ಅದು ಹಳೇ ಮಾಡೆಲ್ ಮೇಡಂ," ಎಂದ ಸೇಲ್ಸ್‌ಮನ್. ಅಣ್ಣ ಇಲ್ಲದ್ದರಿಂದ ಅವನಿಗೆ ಬೇರೆ ದಾರಿ ಇರಲಿಲ್ಲ. "ಸ್ಕ್ರೀನ್ ಅಷ್ಟಕ್ಕಷ್ಟೆ. ಬಣ್ಣ ಎಲ್ಲಾ ಸ್ವಲ್ಪ ಡಲ್ಲು."

"ಹೌದಾ? ಬಣ್ಣ ಡಲ್ಲಾದ್ರೆ ನಂಗೆ ಊಟಾನೇ ಸೇರಲ್ಲ."

ಅವನು ನಗಬೇಕೋ ಬೇಡವೋ ಎಂದು ಕ್ಷಣ ಯೋಚಿಸಿ, ಕಡೆಗೆ ಮನಸಾರೆ ನಕ್ಕ. ಅಲ್ಲಿಂದಾಚೆಗೆ ಅವನ ದನಿ ಅವಳ ಕಡೆಗೇ ತಿರುಗಿತು. ಬ್ಯಾಟರಿ ಒಳ್ಳೆಯದಿದೆ, ಚಾರ್ಜರನ್ನು ಎಡಕ್ಕೂ ಬಲಕ್ಕೂ, ಹೇಗೆ ತಿರುಗಿಸಿದರೂ ಚುಚ್ಚಬಹುದು ಎಂದೆಲ್ಲ ಹೇಳಿದ. ಮನುಷ್ಯ ಕೆಟ್ಟವನಲ್ಲ, ಅಭ್ಯಾಸ ಕೆಟ್ಟದು ಎಂದುಕೊಂಡಳು.

ಅವಳು ತನ್ನ ಪೆನ್‌ಡ್ರೈವ್ ಸಿಕ್ಕಿಸಿ ಓದುವ ತಂತ್ರಾಂಶ ಶುರುಮಾಡಿದಳು. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಲೋಕಕ್ಕೆ. ಯಂತ್ರದ ದನಿ ಅರಳು ಹುರಿದಂತೆ ಪಟಪಟ ಮಾತಾಡಿತು. ಬೇರೆಯವರಿಗೆ ಅದು ಬರೀ ಗದ್ದಲ, ಅವಳಿಗೆ ಆರಾಮಿನ ನಡಿಗೆ. ಆಮೇಲೆ, ಯಾವಾಗಲೂ ಮಾಡುವಂತೆ ಪರದೆಯನ್ನು ಕಪ್ಪಾಗಿಸಿದಳು. ಹೆಗಲ ಮೇಲಿಂದ ಬಗ್ಗಿ ಓದುವವರ ಕಾಟ ಅದರಿಂದ ತಪ್ಪುತ್ತದೆ. ಯಂತ್ರವನ್ನು ಪರೀಕ್ಷೆ ಮಾಡಲು ಏನಾದರೂ ಬರೆಯಬೇಕಲ್ಲ. ಮೊದಲ ಶಾಲೆಯ ಮೊದಲ ಪಾಠವನ್ನೇ ಬರೆಯತೊಡಗಿದಳು. ಎಷ್ಟೋ ದಿನದಿಂದ ಕೈಗೆ ಹತ್ತದೆ ಸತಾಯಿಸುತ್ತಿದ್ದ ಪಾಠ ಈ ಸ್ಟೂಲಿನ ಮೇಲೆ ಸರಾಗವಾಗಿ ಬಂತು. ಮಕ್ಕಳಿಗೆ ಏನು ಹೇಳಬೇಕು, ಎಲ್ಲಿ ನಗಿಸಬೇಕು, ಎಲ್ಲಿ ಅವರನ್ನು ಅವರ ಪಾಡಿಗೆ ಬಿಡಬೇಕು, ಎಲ್ಲವೂ ಒಂದರ ಹಿಂದೊಂದು ಬೆರಳಿಗೆ ಬಂದವು. ಅಂಗಡಿಯೇ ಮರೆತುಹೋಯಿತು.

"ಅಯ್ಯೋ, ಇದು ಆಫ್ ಆಗಿದೆಯಲ್ಲ ಪುಟ್ಟಿ. ನೀನು ಸುಮ್ನೆ ಕುಟ್ತಾ ಇದೀಯ." ಅಣ್ಣ ಬೆನ್ನ ಹಿಂದೆ ಬಂದಿದ್ದ.

ತಾಳು ಎಂದು ಅವಳು ಎಡಗೈ ಎತ್ತಿದಳು. ಅಷ್ಟರಲ್ಲಿ ಅವನ ತೋಳು ಹೆಗಲನ್ನು ದಾಟಿ ಮುಂದೆ ಬಂದಿತ್ತು. ಮೂಲೆಯ ಬಟನ್ನನ್ನು ಅವನು ಒತ್ತಿ ಹಿಡಿದ. ಕಿವಿಯೊಳಗಿನ ದನಿ ಪದದ ನಡುವೆಯೇ ತುಂಡಾಯಿತು.

"ಈಗ ನೋಡು, ಆನ್ ಮಾಡಿಕೊಡ್ತೀನಿ," ಎಂದ ಅಣ್ಣ, ಸಂತೋಷದಿಂದ.

ಅವಳು ಇಯರ್‌ಫೋನ್ ತೆಗೆದಳು. ಬರೆದದ್ದನ್ನು ಉಳಿಸಿರಲಿಲ್ಲ. ಪಾಠ ಹೋಯಿತು.

"ಅಣ್ಣಾ, ಅದು ಆನ್ ಆಗೇ ಇತ್ತು."

"ಸ್ಕ್ರೀನ್ ಕಪ್ಪಗಿತ್ತಲ್ಲೇ."

"ನಾನೇ ಕಪ್ಪು ಮಾಡಿದ್ದೆ."

"ಯಾಕೆ?"

"ನಂಗದು ಬೇಡ, ಅದಕ್ಕೆ."

ಸೇಲ್ಸ್‌ಮನ್ ಎಲ್ಲೋ ಏನನ್ನೋ ಒರೆಸುವ ನೆಪ ಮಾಡಿಕೊಂಡು ಸರಿದ. ಅವಳಿಗೆ ಅಳು ಬರುವಷ್ಟು ಕೋಪ ಬಂದಿತ್ತು. ಆದರೆ ಅವಳ ದನಿ ಏರಲಿಲ್ಲ.

"ನಾಳೆ ಕ್ಲಾಸಲ್ಲೂ ಇದೇ ಆಗೋದು. ನಾನು ಮಕ್ಕಳ ಮುಂದೆ ನಿಂತು, ಯಾರ ಸಹಾಯಾನೂ ಬೇಕಾಗಿಲ್ಲ, ನೀವೇ ಮಾಡಬಹುದು ಅಂತೀನಿ. ಪಕ್ಕದಲ್ಲಿ ನೀನು ಕೂತು ಸ್ಕ್ರೀನ್ ಓದ್ತಿರ್ತೀಯ. ಅವರಿಗೆ ಕಿವಿ ಇಲ್ವಾ? ನನ್ನ ಮಾತು ಯಾವ ಮಗು ನಂಬುತ್ತೆ ಹೇಳು."

"ತಪ್ಪಾಯ್ತು. ಇನ್ಮೇಲೆ ಕೇಳಿ ಮುಟ್ತೀನಿ."

"ಕೇಳಿದ್ರೂ ಬೇಡ. ನೀನು ಬರೋದೇ ಬೇಡ ಅಣ್ಣಾ."

ಕಡೆಗೂ ಮಾತು ಬಾಯಿಂದ ಹೊರಬಿತ್ತು.

"ಒಬ್ಳೇ ಹೋಗ್ತೀಯಾ? ರೈಲು ತಪ್ಪಿಹೋದ್ರೆ?"

"ತಪ್ಪಲಿ. ನೀನು ಜೀವಮಾನದಲ್ಲಿ ಎಷ್ಟು ರೈಲು ತಪ್ಪಿಸ್ಕೊಂಡಿಲ್ಲ? ಮುಂದಿನದು ಹಿಡೀತೀನಿ."

"ಯಾರಾದ್ರೂ ಮೋಸ ಮಾಡಿದ್ರೆ?"

"ಮಾಡ್ಲಿ. ಬೈದು ಬರ್ತೀನಿ. ಬೈಯೋಕೆ ನಂಗೆ ಬರುತ್ತೆ ಅಂತ ನಿಂಗೆ ಗೊತ್ತು."

"ಅಮ್ಮ ಇದ್ದಿದ್ರೆ ಬಿಡ್ತಿದ್ಲಾ?"

"ಬಿಡ್ತಿರ್ಲಿಲ್ಲ. ಅವಳ ಹತ್ರಾನೂ ಜಗಳ ಆಡಿಯೇ ಹೋಗ್ತಿದ್ದೆ."

ಅವಳು ಪೆನ್‌ಡ್ರೈವ್ ಕಿತ್ತುಕೊಂಡು, ಯಂತ್ರವನ್ನು ಮಡಚಿ ಸೇಲ್ಸ್‌ಮನ್ನನ್ನು ಕರೆದಳು. "ಇದೇ ಇರ್ಲಿ. ಹೊಸ ಪೀಸ್ ಪ್ಯಾಕ್ ಮಾಡಿ."

ಅವನು ಬಂದ, ಆದರೆ ಯಂತ್ರಕ್ಕೆ ಕೈ ಹಾಕಲಿಲ್ಲ. ಆ ಮೌನ ಎಂಥದ್ದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹುಟ್ಟಿದಾಗಿನಿಂದ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಲ್ಲೆಲ್ಲ ಕೇಳಿಸಿಕೊಂಡ ಮೌನ ಅದು.

"ಸರ್ ಮುಖ ಏನು ನೋಡ್ತೀರಿ? ತಗೊಳ್ತಿರೋಳು ನಾನು."

"ನೋಡ್ತಾ ಇಲ್ಲ ಮೇಡಂ," ಎಂದು ಅವನು ಸುಳ್ಳು ಹೇಳಿ, ಗಡಿಬಿಡಿಯಲ್ಲಿ ಒಳಗೆ ಹೋದ.

ಅಣ್ಣ ಪಕ್ಕದಲ್ಲೇ ನಿಂತಿದ್ದ. "ಹಾಗಾದ್ರೆ ನಾನೇನು ಮಾಡ್ಲಿ ಪುಟ್ಟಿ?" ಎಂದ.

ಅದು ಜಗಳದ ದನಿಯಾಗಿರಲಿಲ್ಲ. ಶಾಲೆಯ ಪುಸ್ತಕ ಮುಗಿದುಹೋದಾಗ, ಇನ್ನೇನು ಓದಲಿ ಎಂದು ಕೇಳುತ್ತಿದ್ದ ಹುಡುಗನ ದನಿ. ಸರಿ, ಮೊದಲನೇ ಊರಿಗೆ ಮಾತ್ರ ಬಾ ಎನ್ನುವ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಹಾಗೆಂದರೆ ಅವನು ಎರಡನೆಯದಕ್ಕೂ ಬರುತ್ತಾನೆ, ಮೂರನೆಯದಕ್ಕೂ ಬರುತ್ತಾನೆ, ಮತ್ತೆ ತಾನು ಸುಮ್ಮನಾಗುತ್ತೇನೆ. ತುಟಿ ಕಚ್ಚಿಕೊಂಡಳು.

"ನಂಗೊತ್ತಿಲ್ಲ ಅಣ್ಣಾ. ನೀನು ಓದಿ ಹೇಳಿದ್ದೆಲ್ಲ ನನ್ನ ತಲೇಲಿದೆ. ಅದನ್ನ ಹೊತ್ಕೊಂಡೇ ಹೋಗ್ತಿದೀನಿ. ನಿನ್ನ ಮಾತ್ರ ಕರ್ಕೊಂಡು ಹೋಗಲ್ಲ."

ಪೆಟ್ಟಿಗೆ ಬಂತು. ಅವಳು ದುಡ್ಡು ಕೊಟ್ಟು, ಅದನ್ನು ಚೀಲಕ್ಕೆ ಇಳಿಸಿ ಹೆಗಲಿಗೇರಿಸಿದಳು. ಮಡಚುವ ಕೋಲನ್ನು ಬಿಡಿಸಿದಳು. ಹೊರಗೆ ಹೊರಟಾಗಲೆಲ್ಲ ಅವನ ಮೊಣಕೈ ತಾನಾಗಿ ಅವಳ ಕೈಗೆ ಬರುತ್ತಿತ್ತು. ಈಗಲೂ ಬಂತು, ಅಂಗಿಯ ಬಟ್ಟೆ ಬೆರಳಿಗೆ ತಾಗಿತು. ಅವಳು ಹಿಡಿಯಲಿಲ್ಲ. ರಸ್ತೆಯ ಗಲಾಟೆ ಬರುತ್ತಿದ್ದ ಕಡೆಗೆ ನಡೆದು ಬಾಗಿಲು ತಳ್ಳಿದಳು.

"ಅಲ್ಲಿ ಮೆಟ್..." ಎಂದು ಹಿಂದಿನಿಂದ ಅಣ್ಣ ಶುರುಮಾಡಿದ. ಆಮೇಲೆ ನಿಲ್ಲಿಸಿದ. ಇಡೀ ಜನ್ಮದಲ್ಲಿ ಅವನು ಅರ್ಧಕ್ಕೆ ನುಂಗಿಕೊಂಡ ಮೊದಲ ಮಾತು ಅದು.

ಕೋಲಿನ ತುದಿಗೆ ಅಂಚು ಸಿಕ್ಕಿತು. ಅವಳು ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆಗೆ ಹೊರಟಳು.