ಕಂಟೇನರಿನೊಳಗೆ ಐದು ಅಕ್ಕಿಕಾಳು

"ಸೀರೆ ಒದರ್ರೇ, ಮುಂಡೇವಾ! ಮಡಿಲಿಂದ ಏನ್ ಉದುರ್ತದೆ ನೋಡ್ತೀನಿ."

ತಮಿಳು ಸೀಮೆಯ ವೆಳ್ಳಕೋಯಿಲ್ ಪಕ್ಕದ ತೆಂಗಿನ ನಾರುಪುಡಿ ಕಾರ್ಖಾನೆಯ ಗೇಟಿನಲ್ಲಿ ಅದರ ಧಣಿ, ಮೊದಲಾಳಿ ವ್ಯಾಸರಾಯರು ಬಿಳಿ ಬಟ್ಟೆ ಹಾಸಿಸಿ ನಿಂತಿದ್ದರು. ನಾವು ಹನ್ನೊಂದು ಹೆಂಗಸರು ಒಬ್ಬೊಬ್ಬರಾಗಿ ಅದರ ಮೇಲೆ ನಿಂತು ಸೆರಗು ಒದರಿದೆವು, ಮಡಿಲು ಬಿಚ್ಚಿದೆವು. ಲಾರಿ ಡ್ರೈವರುಗಳಿಗೆ ಪುಕ್ಕಟೆ ಸಿನಿಮಾ. ಅರವತ್ತು ದಾಟಿದ ಸುಬ್ಬಾತಾಳ್ ಅಕ್ಕನ ಗಂಟನ್ನೂ ಬಿಚ್ಚಿಸಿ ತಲೆಗೂದಲು ಕೊಡವಿಸಿದರು. ಉದುರಿದ್ದು ಬರೀ ನಾರುಪುಡಿ. ಅದು ಅವರದೇ ಮಾಲು.

ಆದದ್ದು ಇಷ್ಟು. ನಾವು ಬಿಸಿಲಲ್ಲಿ ಹರವಿ, ಕಳೆ ಆರಿಸಿ, ಒಣಗಿಸಿದ ಪುಡಿಯನ್ನು ಮಿಷನ್ನಿನಲ್ಲಿ ಇಟ್ಟಿಗೆಯ ಹಾಗೆ ಒತ್ತಿ ಹಡಗು ಹತ್ತಿಸುತ್ತಾರೆ. ಅದರಲ್ಲಿ ಒಂದು ಹುಲ್ಲಿನ ಬೀಜ ಸಿಕ್ಕರೂ ಮಾಲು ಕೊಳ್ಳುವ ದೇಶದವರು ಒಳಗೆ ಬಿಡುವುದಿಲ್ಲ. ಈ ಸಲ ಕಂಟೇನರಿನಲ್ಲಿ ಐದು ಅಕ್ಕಿಕಾಳು ಸಿಕ್ಕವಂತೆ. ಫೋಟೋ ಕಳಿಸಿದ್ದರು. ಕಾಳು ಹೇಗೆ ಬಂತೆಂದು ವಿಚಾರಿಸಲು ಸಸ್ಯ ತಪಾಸಣೆಯ ಆಫೀಸರು ಅವತ್ತೇ ಬರುವವರಿದ್ದರು. ಅವರು ಒಪ್ಪಿ ಸರ್ಟಿಫಿಕೇಟು ಕೊಟ್ಟರೆ ಮಾತ್ರ ಮುಂದಿನ ಲೋಡು.

ವ್ಯಾಸರಾಯರು ಫೋನನ್ನು ನನ್ನ ಮೂಗಿಗೆ ಹಿಡಿದರು. "ನಾಚೀ, ಕಂಟೇನರ್ ನೆರಳಲ್ಲಿ ಕೂತು ಅನ್ನ ತಿಂದವಳು ನೀನೇ ತಾನೆ?"

"ತಿಂದೆ ಸಾಮಿ. ನಾನು ತಿಂದದ್ದು ಬೆಂದ ಸೋರು. ಇದು ಹಸಿ ಅಕ್ಕಿ. ಮೇಲೆ ಅರಿಶಿನ ಬೇರೆ ಅದೆ."

"ಬಾಯ್ ಮುಚ್ಚೇ! ನಮ್ಮ ಕನ್ನಡ ಆಡೋರು ಅಂತ ಕರೆದು ಕೆಲಸ ಕೊಟ್ಟೆ, ಎದುರು ಮಾತಾಡ್ತೀಯಾ? ಕಾಳು ಬಿದ್ದದ್ದು ನನ್ನಿಂದ ಅಂತ ಬರೆದಿದೆ, ಈ ಪೇಪರ್‌ಗೆ ಸೈನ್ ಹಾಕು. ನಿನ್ನೊಬ್ಬಳ ಕೆಲಸ ಹೋಗ್ತದೆ. ಹಾಕ್ಲಿಲ್ಲಾಂದ್ರೆ ಹನ್ನೊಂದು ಜನಾನೂ ಮನೆಗೆ ನಡೀರಿ."

ಆ ಅರಿಶಿನದ ಕಾಳು ಯಾರದೆಂದು ನಮಗೆಲ್ಲ ಗೊತ್ತು. ಒಂದೊಂದು ಕಂಟೇನರಿನ ಬಾಗಿಲು ಮುಚ್ಚುವ ಮುನ್ನ ಅವರ ಹೆಂಡತಿ ವಾರಿಜಾಕ್ಷಮ್ಮ ಪೀಳಮೇಡಿನ ಮನೆಯಿಂದ ಕಾರಿನಲ್ಲಿ ಬಂದು ಬೆಳ್ಳಿತಟ್ಟೆಯಿಂದ ಮೂರು ಸಲ ಅಕ್ಷತೆ ಹಾಕುತ್ತಾರೆ. ಆ ತಟ್ಟೆಯ ಮೇಲೆ ನಮ್ಮ ನೆರಳೂ ಬೀಳಬಾರದು. ಅವರಿಗೂ ಗೊತ್ತು, ನಮಗೂ ಗೊತ್ತು, ಸೈನು ಮಾತ್ರ ನನ್ನದು. ಸುಬ್ಬಾತಾಳ್ ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಆಗಲೇ ಸೈನು ಹಾಕಿಬಿಡುತ್ತಿದ್ದೆ.

ಅಷ್ಟರಲ್ಲಿ ಆಫೀಸರು ಬಂದರು. ಚಿಕ್ಕ ವಯಸ್ಸಿನವರು, ತಮಿಳು ಬಿಟ್ಟು ಬೇರೆ ಮಾತಿಲ್ಲ. ಪೇಪರ್ ಓದಿ, ಇದರಲ್ಲಿ ಬರೆದಿರುವುದು ನಿಜವೇನಮ್ಮಾ ಎಂದು ನನ್ನನ್ನು ಕೇಳಿದರು.

ವ್ಯಾಸರಾಯರು ನಗುಮುಖ ಕೆಡಿಸದೆ ಕನ್ನಡದಲ್ಲಿ ಹೇಳಿದರು: "ಹೂಂ ಅನ್ನೇ. ಆ ಕತ್ತೆಗೆ ನಮ್ಮ ಮಾತು ತಿಳಿಯೋದಿಲ್ಲ."

ಇವತ್ತಿನ ಕಂಟೇನರ್ ಬಾಗಿಲು ತೆರೆದುಕೊಂಡು ನಿಂತಿತ್ತು. ಪಕ್ಕದಲ್ಲಿ ಕಾರು. ಆಫೀಸರು ಹೋಗಲಿ ಎಂದು ವಾರಿಜಾಕ್ಷಮ್ಮ ಒಳಗೇ ಕಾಯುತ್ತಿದ್ದರು. ನಾನು ಪೆನ್ನನ್ನು ಕೆಳಗಿಟ್ಟು ಸೀದಾ ಕಾರಿನ ಹತ್ತಿರ ಹೋದೆ. ಕಿಟಕಿಯೊಳಗೆ ಕೈ ಹಾಕಿ ಅವರ ಮಡಿಲಿನಲ್ಲಿದ್ದ ತಟ್ಟೆ ಎತ್ತಿಕೊಂಡೆ.

"ಅಯ್ಯಯ್ಯೋ! ಮುಟ್ಟಿಬಿಟ್ಟಳ್ರೀ!" ವಾರಿಜಾಕ್ಷಮ್ಮ ಕಾರಿನಿಂದ ಇಳಿದು ಕಿರುಚಿದರು. "ಇನ್ನು ಈ ಅಕ್ಷತೆ ಕಂಟೇನರಿಗೆ ಹೇಗ್ರೀ ಹಾಕೋದು?"

"ಸುಮ್ನಿರೇ!" ಎಂದು ಹಲ್ಲು ಕಡಿದರು ಗಂಡ.

"ಎನ್ನಮ್ಮಾ ಸೊಲ್‌ರಾಂಗ?" ಎಂದರು ಆಫೀಸರು. ಏನು ಹೇಳುತ್ತಿದ್ದಾರೆ ಎಂದು ಕೇಳಿದ್ದು ನನ್ನನ್ನೇ.

ತಟ್ಟೆಯನ್ನು ಅವರ ಮುಂದೆ ಹಿಡಿದು, ಆಯಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ತಮಿಳಿನಲ್ಲಿ ಹೇಳಿದೆ. ನಾನು ಮುಟ್ಟಿದ್ದನ್ನೂ ಹೇಳಿದೆ. ಕತ್ತೆಯನ್ನೂ ಬಿಡಲಿಲ್ಲ.

ಆಫೀಸರು ಐದಾರು ಕಾಳು ಎತ್ತಿ ಸಣ್ಣ ಕವರಿಗೆ ಹಾಕಿಕೊಂಡರು. ಆಮೇಲೆ ಕಂಟೇನರಿನ ಪಕ್ಕ ನಿಂತು ಏನೋ ಬರೆಯತೊಡಗಿದರು.

"ಎಲ್ಲಾರ ಕೆಲಸಾನೂ ಹೋಯ್ತಡೀ ನಾಚಿ" ಎಂದಳು ಸುಬ್ಬಾತಾಳ್ ಅಕ್ಕ. ಬೈಯಲಿಲ್ಲ. ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಳ್ಳುತ್ತಿದ್ದಳು.

"ನಿಮ್ಮ ತಟ್ಟೆ, ತಗೊಳ್ಳಿ ಸಾಮಿ" ಎಂದು ಚಾಚಿದೆ.

ಗಂಡ ಹೆಂಡತಿ ಇಬ್ಬರೂ ಹಿಂದೆ ಸರಿದರು.