ಪಾಚಿಗೆ ಕಣ್ಣು ಬಂದದ್ದು

ಹವಳದ ದಿಬ್ಬದ ಒಳಮಗ್ಗುಲಲ್ಲಿ, ಎದೆಮಟ್ಟದ ನೀರಿನಲ್ಲಿ ನಿಂತು ಹಗ್ಗ ಎತ್ತಿದ ಡಮಾಸಿಯಾ ಹೌಹಾರಿದಳು. ಹಗ್ಗಕ್ಕೆ ಕಟ್ಟಿ ಬೆಳೆಸಿದ, ಕೊಯ್ಲಿಗೆ ಬಂದಿದ್ದ ಕಡಲಪಾಚಿಯ ತುಂಬ ಬಿಳಿಚಿದ ಮಣಿಗಳು, ಅಂಟಂಟು ನೂಲು. ಕೊಳೆರೋಗವೇ ಸರಿ ಎಂದುಕೊಂಡಳು.

ಪಾಚಿ ಬೆಳೆಯುವ ಹಾಪ್ಕಿನ್ಸ್ ಊರಿನ ಹೆಂಗಸರದು ಒಂದೇ ಕಟ್ಟಳೆ. ಯಾರ ಹಗ್ಗಕ್ಕೆ ಕೊಳೆ ತಗುಲಿದರೂ ಅವತ್ತೇ ಅವರ ಬೆಳೆಯನ್ನೆಲ್ಲ ಕತ್ತರಿಸಿ ದಡಕ್ಕೆ ಎಸೆಯಬೇಕು. ಇಲ್ಲದಿದ್ದರೆ ಪಕ್ಕದವರದೂ ಹಾಳು. ಹೋದ ವರ್ಷ ನಾದಿನಿ ಹಿಲಾರಿಯಾಳ ಹಗ್ಗಗಳು ಬೆಳ್ಳಗಾದಾಗ ಮೊದಲು ಬಾಯಿ ಮಾಡಿದವಳು ಇದೇ ಡಮಾಸಿಯಾ. ದೋಣಿಯಿಂದ ಇಳಿಯದೆ, ಕೂತಲ್ಲಿಂದಲೇ "ಕತ್ತರಿಸು" ಎಂದಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಮಾತು ಮಹಾರಾಯ್ತಿಯರನ್ನೂ ಬಿಡುವುದಿಲ್ಲ.

ಅಷ್ಟರಲ್ಲಿ ಹಿಲಾರಿಯಾಳ ದೋಣಿಯೇ ಬಂತು.

"ಏನತ್ತಿಗೆ, ಹೆಣ ಕಂಡೋರ ಥರ ನಿಂತಿದೀಯ?"

"ಕೊಳೆ ಬಂದಿದೆ ಕಣೇ. ನೀನೇ ಕತ್ತರಿಸಿಬಿಡು, ನನ್ನ ಕೈಲಾಗಲ್ಲ."

ಹಿಲಾರಿಯಾ ಚಾಕು ಹಿಡಿದು ನೀರಿಗಿಳಿದಳು. ಆದರೆ ಕತ್ತರಿಸುವ ಮೊದಲು ಒಂದು ಗೊಂಚಲನ್ನು ಅಂಗೈ ಮೇಲಿಟ್ಟು ಬಿಸಿಲಿಗೆ ಹಿಡಿದಳು. ನೋಡಿದಳು, ಮತ್ತೆ ನೋಡಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಮಾರಾಯ್ತಿ! ಕೊಳೆಗೆ ಎಲ್ಲಾದ್ರೂ ಕಣ್ಣಿರುತ್ತಾ?"

ಒಂದೊಂದು ಮಣಿಯಲ್ಲೂ ಎರಡೆರಡು ಕಪ್ಪು ಚುಕ್ಕೆ. ಒಂದಂತೂ ಒಳಗೇ ಮಿಸುಕಿತು. ಸೂಜಿಮೀನಿನ ಮೊಟ್ಟೆಗಳು! ನೂಲಿನಿಂದ ಪಾಚಿಗೆ ಗಂಟುಹಾಕಿಕೊಂಡು ಕೂತಿದ್ದವು. ಡಮಾಸಿಯಾ ಆ ಮೀನನ್ನು ಹುದುತ್ ಸಾರಿಗೆಂದು ತೆಂಗಿನಹಾಲಿನಲ್ಲಿ ಬೇಯಿಸಿ ಹುಟ್ಟಿನಿಂದಲೇ ಹಸಿರಾದ ಅದರ ಮೂಳೆ ಚೀಪಿದ್ದಳೇ ಹೊರತು ಅದರ ಬಾಣಂತಿಕೋಣೆ ನೋಡಿರಲಿಲ್ಲ. ಹೋದ ಜೀವ ಬಂದಂತಾಗಿ, ಪಾಚಿಯನ್ನು ಎದೆಗವಚಿಕೊಂಡು ಅತ್ತಳು.

"ಮರಿ ಹೊರಗೆ ಬರೋ ತನಕ ಕೊಯ್ಬೇಡ," ಎಂದಳು ಹಿಲಾರಿಯಾ. "ತೇಲೋ ಕಸದಲ್ಲಿ ಕಡ್ಡಿ ಥರ ಅಡಗಿರುತ್ತಲ್ಲ, ನೋಡಿಲ್ವಾ? ಕೆಳದವಡೆ ಮಾತ್ರ ಉದ್ದ, ಮೇಲಿನದು ಮೋಟು. ಥೇಟ್ ನಿನ್ನ ಗಂಡ."

"ನಿನ್ನಣ್ಣ ತಾನೇ!" ಎಂದು ನಗುತ್ತಿದ್ದ ಡಮಾಸಿಯಾ ಥಟ್ಟನೆ ಕೈಯಲ್ಲಿದ್ದ ಪಾಚಿಯನ್ನೊಮ್ಮೆ ನೋಡಿದಳು. "ಹಿಲಾರಿಯಾ, ಹೋದ ವರ್ಷ ನಿಂದೂ ಮೊಟ್ಟೆಯೇ ಆಗಿತ್ತಾ?"

ಹಿಲಾರಿಯಾ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿದಳು. "ಇಲ್ಲ ಬಿಡು. ನಂದು ನಿಜವಾಗ್ಲೂ ಕೊಳೆತಿತ್ತು. ಹಿಂಡಿದ್ರೆ ಗಂಜಿ."

"ಅಬ್ಬ! ಮತ್ತೆ ವರ್ಷವಿಡೀ ಯಾಕೆ ಮುಖ ಗಂಟಿಕ್ಕಿಕೊಂಡಿದ್ದೆ?"

"ನೀನು ದೋಣಿ ಇಳಿದು ಬಂದು ನೋಡ್ಲಿಲ್ವಲ್ಲ, ಅದಕ್ಕೆ."

ಡಮಾಸಿಯಾ ಕಣ್ಣೊರೆಸಿಕೊಂಡಳು. "ಈಗ ಬರ್ತೀನಿ. ನಿನ್ನ ಹಗ್ಗ ತೋರಿಸು," ಎಂದು ನೀರಿನಲ್ಲೇ ನಡೆದಳು.