ತಳದಲ್ಲಿ ಒಂದು ಹಿಡಿ ಸಕ್ಕರೆ

ಇದು ನಿಜವಾದ ಕಥೆ. ನಾನು ಸ್ಟೀಲು, ಮುಖವನ್ನು ಸ್ವಲ್ಪ ಸೊಟ್ಟಗೆ ತೋರಿಸಿಯೇನು, ಸುಳ್ಳು ಹೇಳಲಾರೆ.

ನಾನೊಂದು ಊಟದ ಡಬ್ಬಿ. ಕಾರ್ಖಾನೆಯ ಅಚ್ಚಿನಲ್ಲಿ ಒಂದೇ ಏಟಿಗೆ ಹುಟ್ಟಿದವನು. ಮಂಡ್ಯದ ಪಾತ್ರೆ ಅಂಗಡಿಯಲ್ಲಿ ನನ್ನನ್ನು ಕೊಂಡವಳು ವಸುಮತಿ, ಕಾಲೇಜು ಆಫೀಸಿನ ಗುಮಾಸ್ತೆ. ನಲವತ್ತರ ಹತ್ತಿರ, ಮದುವೆಯಿಲ್ಲ. ನನ್ನ ಹೊಟ್ಟೆಯ ಮೇಲೆ ಅವಳ ಹೆಸರು ಕೊರೆದಾಗ, ಹೆಸರು ಮಾಡುವುದು ಸುಲಭವಲ್ಲ ಎಂದು ತಿಳಿಯಿತು.

ಅವಳಿದ್ದ ಬಾಡಿಗೆಮನೆಯ ಮಹಡಿಯಲ್ಲಿ ಇನ್ನೊಬ್ಬ ಬಾಡಿಗೆಯವನು, ಚಂದ್ರಚೂಡ. ಅವನ ಮಾತೆಂದರೆ 'ಹ್ಞೂಂ'. ನಗುವೆಂದರೆ ಅದೇ 'ಹ್ಞೂಂ', ಸ್ವಲ್ಪ ಉದ್ದ. ಪ್ರತಿ ಭಾನುವಾರ ವಸುಮತಿ ಏನಾದರೂ ಮಾಡಿ, ನನ್ನಲ್ಲಿ ತುಂಬಿ ಕೊಡುವಳು. ಬೇಡ ಎನ್ನಲು ಬಾರದ ಅವನು ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು, ಹಿಂದಿನ ಮೆಟ್ಟಿಲಿಳಿದು, ಒಳಗೇನಿದೆ ಎಂದೂ ನೋಡದೆ ಓನರಮ್ಮನ ಹಸುವಿನ ಬಾನಿಗೆ ನನ್ನನ್ನು ಬೋರಲು ಹಾಕುವನು. ಅವನ ಊಟ ಮೆಸ್ಸಿನಲ್ಲಿ. ಆಮೇಲೆ ನನ್ನನ್ನು ತೊಳೆದು, ತಳಕ್ಕೆ ಒಂದು ಹಿಡಿ ಸಕ್ಕರೆ ಹಾಕಿ ಮರಳಿಸುವನು. ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದೆಂದು ಅವನಮ್ಮ ಕಲಿಸಿದ್ದರು, ಅಷ್ಟೇ.

ವಸುಮತಿಗೆ ಅದು ಅಷ್ಟೇ ಆಗಿರಲಿಲ್ಲ. ಆ ಸಕ್ಕರೆಯನ್ನು ಬೇರೆ ಬಾಟಲಿಯಲ್ಲಿ ಕೂಡಿಟ್ಟಳು.

"ಬಾಯಲ್ಲಿ ಹೇಳಕ್ಕೆ ಬರಲ್ಲ ಕಣೇ ಅವರಿಗೆ," ಎಂದು ಜೊತೆಗಿದ್ದ ಗೆಳತಿ ತಾರಾಳಿಗೆ ವಿವರಿಸುವಳು. ತಾರಾ ಮೂಗಿನಲ್ಲೇ 'ಹ್ಞೂಂ' ಎಂದು ಥೇಟ್ ಅವನಾಗುವಳು. ಹಸುವೋ ವಸುಮತಿಯನ್ನು ಕಂಡರೆ ಸಾಕು, ಅಂಬಾ ಎಂದು ಹಗ್ಗ ಜಗ್ಗುತ್ತಿತ್ತು. ಏಕೆಂದು ನನಗೊಬ್ಬನಿಗೇ ಗೊತ್ತು. ಆದರೆ ಬಾಯಿ ಇಷ್ಟಗಲವಿದ್ದೂ ಮಾತಿಲ್ಲದವನು ಏನು ಮಾಡಲಿ?

ಅವಳಿಗೆ ಶಿವಮೊಗ್ಗಕ್ಕೆ ಬಡ್ತಿ ಬಂತು. ಒಪ್ಪಿಗೆಯನ್ನು ಸೋಮವಾರ ತಿಳಿಸಬೇಕು. ಅವರು ಒಂದು ಮಾತಾಡಿದರೆ ಸಾಕು, ಹೋಗುವುದಿಲ್ಲ ಎಂದುಕೊಂಡ ವಸುಮತಿ ಭಾನುವಾರ ತುಪ್ಪ ಸುರಿದು ಕೇಸರಿಬಾತ್ ಮಾಡಿದಳು. ನನ್ನಲ್ಲಿ ತುಂಬಿ, ಸೀರೆ ಬದಲಿಸಲು ಒಳಗೆ ಹೋದಳು. ಅಷ್ಟರಲ್ಲಿ ತಾರಾ ಅದನ್ನು ತೆಗೆದಿಟ್ಟು, ಕೊಟ್ಟಿಗೆಯಿಂದ ಬೂಸಾ ತಂದು ಸುರಿದಳು. ಸಿಟ್ಟಿಗಾದರೂ ಆ ಮನುಷ್ಯ ನಾಲ್ಕು ಮಾತಾಡಲಿ ಎಂಬುದು ಅವಳ ಹುನ್ನಾರ. ನಾನು ಹಗುರಾಗಿದ್ದೆ, ವಸುಮತಿಯೂ ಹಗುರಾಗಿದ್ದಳು, ಗೊತ್ತಾಗಲಿಲ್ಲ.

ಹಸುವಿನ ಬೂಸಾ ಹಸುವಿಗೇ ಸಂದಿತು. ಸಂಜೆ ವಸುಮತಿ ನನ್ನನ್ನು ಎದೆಗವಚಿಕೊಂಡೇ ಇಳಿದು ಬಂದಳು.

"ಚೆನ್ನಾಗಿತ್ತು ಅಂದ್ರು ಕಣೇ. ಬಾಯಿಬಿಟ್ಟು ಅಂದ್ರು."

ತಾರಾ ಎದ್ದು ಅಡುಗೆಮನೆಗೆ ಹೋದಳು. ಕೇಸರಿಬಾತಿನ ಪಾತ್ರೆ ತಂದು ಮುಂದಿಟ್ಟಳು. "ನಾನು ತುಂಬಿದ್ದು ಬೂಸಾ, ವಸು."

ವಸುಮತಿ ನನ್ನ ತಳ ನೋಡಿದಳು. ಸಕ್ಕರೆ ಎಂದಿನಷ್ಟೇ ಇತ್ತು. ಅವಳ ಕಣ್ಣು ತುಂಬಿ ಒಂದು ಹನಿ ಅದರ ಮೇಲೆ ಬಿತ್ತು. ಹೊರಗೆ ಹಸು ಅಂಬಾ ಎಂದಿತು.

"ಅದ್ಕೇನೇ ಇದು ನನ್ನ ಕಂಡ್ರೆ ಅಷ್ಟು ಕೂಗೋದು," ಎಂದಳು.

ತಾರಾ ತಡೆಯಲಾರದೆ ಮೂಗಿನಲ್ಲಿ 'ಹ್ಞೂಂ' ಎಂದಳು.

ಈಗ ನಾನು ಶಿವಮೊಗ್ಗದಲ್ಲಿದ್ದೇನೆ. ಅಂಚು ನೆಗ್ಗಿ, ಮುಚ್ಚಳ ಕಳೆದು, ಸೂಜಿ-ದಾರದ ಡಬ್ಬಿಯಾಗಿದ್ದೇನೆ. ತಾರಾ ಬಂದಾಗಲೆಲ್ಲ ಈ ಕಥೆ ಎದ್ದು ಕೂರುತ್ತದೆ, 'ಹ್ಞೂಂ' ಸಮೇತ. ಆ ಸಂಜೆಯ ಹಾಗೆಯೇ ಇವತ್ತೂ ಎಲ್ಲರಿಗಿಂತ ಜೋರಾಗಿ ನಗುವವಳು ವಸುಮತಿ.